ಆಡಿಟ್ ವರದಿಯಲ್ಲಿ ‘ಮಟೀರಿಯಲ್ ವೀಕ್‌ನೆಸ್’: ಪುಟ್ಟ ಶಾಲಾ ಡಿಸ್ಟ್ರಿಕ್ಟಿನ ಬೋರ್ಡ್ ಸದಸ್ಯರು ಏನು ಮಾಡಬೇಕು?

ಪ್ರಶ್ನೆ: ನಾವಿರುವುದು ಅಮೆರಿಕದ ಮಿಡ್‌ವೆಸ್ಟಿನ ಒಂದು ಹಳ್ಳಿಗಾಡಿನ ಕೌಂಟಿಯಲ್ಲಿ. ಕಳೆದ ಚುನಾವಣೆಯಲ್ಲಿ ಊರಿನವರು ನನ್ನನ್ನು ಸ್ಕೂಲ್ ಬೋರ್ಡಿಗೆ, ಅಂದರೆ ಇಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವ ಶಾಲಾ ಡಿಸ್ಟ್ರಿಕ್ಟಿನ ಆಡಳಿತ ಮಂಡಳಿಗೆ, ಆರಿಸಿದ್ದಾರೆ. ನನ್ನದು ಸಾಫ್ಟ್‌ವೇರ್ ಕೆಲಸ, ಲೆಕ್ಕಪತ್ರ ಅಷ್ಟಾಗಿ ಗೊತ್ತಿಲ್ಲ. ಡಿಸ್ಟ್ರಿಕ್ಟಿನಲ್ಲಿ ಸುಮಾರು 400 ಮಕ್ಕಳಿದ್ದಾರೆ. ಹಣಕಾಸಿನ ಕೆಲಸವೆಲ್ಲ ಬಿಸಿನೆಸ್ ಮ್ಯಾನೇಜರ್ ಒಬ್ಬರದೇ. ಇಪ್ಪತ್ತು ವರ್ಷದಿಂದ ಇದ್ದಾರೆ, ಊರಿಗೆಲ್ಲ ಬೇಕಾದವರು. ಈ ಸಲದ ಆಡಿಟ್ ವರದಿಯಲ್ಲಿ ನಾಲ್ಕು ಫೈಂಡಿಂಗ್ (ಆಡಿಟರ್ ಎತ್ತಿ ತೋರಿಸಿದ ಕೊರತೆಗಳು) ಬಂದಿವೆ. ಒಬ್ಬರೇ ಎಲ್ಲ ಕೆಲಸ ಮಾಡುತ್ತಾರೆ ಎಂಬುದೊಂದು, ಅದಕ್ಕೆ ‘ಮಟೀರಿಯಲ್ ವೀಕ್‌ನೆಸ್’ ಎಂಬ ಹಣೆಪಟ್ಟಿ. ವಾರ್ಷಿಕ ಲೆಕ್ಕದ ಹಾಳೆಗಳನ್ನು ಆಡಿಟರೇ ತಯಾರಿಸಿಕೊಡುತ್ತಾರೆ ಎಂಬುದು ಎರಡನೆಯದು. ಆಟದ ಟಿಕೆಟ್ ಹಣಕ್ಕೆ ಸರಿಯಾದ ದಾಖಲೆ ಇಲ್ಲ ಎಂಬುದು ಮೂರನೆಯದು. ಮಧ್ಯಾಹ್ನದ ಊಟಕ್ಕೆ ಬರುವ ಫೆಡರಲ್ (ಕೇಂದ್ರ ಸರ್ಕಾರದ) ಹಣದಿಂದ ಪಾವತಿ ಪಡೆದ ಒಬ್ಬ ವೆಂಡರ್ ಕಪ್ಪುಪಟ್ಟಿಯಲ್ಲಿ ಇಲ್ಲ ಎಂದು ಖಚಿತಪಡಿಸಿಕೊಂಡಿಲ್ಲ ಎಂಬುದು ನಾಲ್ಕನೆಯದು. ಮೊದಲಿನ ಎರಡು ಪ್ರತಿ ವರ್ಷವೂ ಬರುತ್ತವಂತೆ. ‘ಸಣ್ಣ ಡಿಸ್ಟ್ರಿಕ್ಟ್ ಅಂದಮೇಲೆ ಇದು ಇದ್ದದ್ದೇ’ ಎಂದು ಸೂಪರಿಂಟೆಂಡೆಂಟ್ (ಡಿಸ್ಟ್ರಿಕ್ಟಿನ ಮುಖ್ಯ ಆಡಳಿತಾಧಿಕಾರಿ) ಹೇಳಿದರು, ಎಲ್ಲರೂ ಸುಮ್ಮನಾದರು. ನಾನೂ ಸುಮ್ಮನಿರಬೇಕೆ? ಕೇಳಿದರೆ ಬಿಸಿನೆಸ್ ಮ್ಯಾನೇಜರ್ ಆಗಿರುವ ಆಕೆಯ ಮೇಲೆ ಅನುಮಾನಪಟ್ಟ ಹಾಗೆ ಆಗುವುದಿಲ್ಲವೆ?

ಉತ್ತರ: ನಮಸ್ಕಾರ. ಸುಮ್ಮನಿರಬೇಡಿ, ಆದರೆ ಗಾಬರಿಯೂ ಬೇಡ. ಸೂಪರಿಂಟೆಂಡೆಂಟ್ ಹೇಳಿದ್ದು ನಿಜ: ಅಯೋವಾ, ಮಿನ್ನೆಸೋಟದಂಥ ರಾಜ್ಯಗಳ ಸಣ್ಣ ಡಿಸ್ಟ್ರಿಕ್ಟುಗಳ ವರದಿಗಳನ್ನು ತೆಗೆದು ನೋಡಿದರೆ ಈ ಮೊದಲ ಫೈಂಡಿಂಗ್ ಮತ್ತೆ ಮತ್ತೆ ಕಾಣುತ್ತದೆ. ಆದರೆ ಎಲ್ಲರ ಮನೆಯಲ್ಲೂ ಇದೆ ಎಂದ ಮಾತ್ರಕ್ಕೆ ಅದು ನಿಮ್ಮ ಬೋರ್ಡಿನ ಉತ್ತರವಾಗುವುದಿಲ್ಲ. ಈ ಫೈಂಡಿಂಗಿಗೆ ಹೊಸಬರನ್ನು ಕೆಲಸಕ್ಕೆ ಸೇರಿಸಿಕೊಳ್ಳುವುದೊಂದೇ ಮದ್ದು ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಅದಕ್ಕೆ ದುಡ್ಡಿಲ್ಲವಲ್ಲ, ಆದ್ದರಿಂದ ಮಾಡಲು ಏನೂ ಇಲ್ಲ ಎಂದು ಕೈ ತೊಳೆದುಕೊಳ್ಳುತ್ತಾರೆ. ತಪ್ಪಿರುವುದು ಅಲ್ಲಿ. ಇರುವ ಮೂರ್ನಾಲ್ಕು ಜನರಲ್ಲೇ ಯಾರು ಯಾವ ಕಾಗದ ನೋಡುತ್ತಾರೆ ಎಂಬುದನ್ನು ಬದಲಿಸಿದರೆ ಅಪಾಯದ ಬಹುಪಾಲು ಇಳಿಯುತ್ತದೆ. ಅದಕ್ಕೆ ಹೆಚ್ಚು ಖರ್ಚೂ ಇಲ್ಲ.

ಮೊದಲು ಒಂದು ವಿಷಯ. ನಮ್ಮೂರಿನ ಸರ್ಕಾರಿ ಕಚೇರಿಗಳಲ್ಲಿ ಆಡಿಟ್ ಪ್ಯಾರಾ ಬಿತ್ತು ಅಂದರೆ ಯಾರದೋ ಸಂಬಳದಿಂದ ವಸೂಲಿ, ಯಾರದೋ ಬಡ್ತಿಗೆ ಅಡ್ಡಿ ಎಂದು ಕೇಳಿ ಬೆಳೆದವರು ನಾವು. ಆ ಕಿವಿಯಲ್ಲಿ ಇಲ್ಲಿನ ವರದಿಯನ್ನು ಕೇಳಬೇಡಿ. ಇಲ್ಲಿ ಆಡಿಟರ್ ಮೂರು ಹಂತದಲ್ಲಿ ಬರೆಯುತ್ತಾರೆ. ತಪ್ಪನ್ನು ತಡೆಯುವ ಅಥವಾ ಹಿಡಿಯುವ ವ್ಯವಸ್ಥೆಯಲ್ಲಿ ಸಣ್ಣ ಕೊರತೆ ಇದ್ದರೆ ಅದು ಬರಿಯ ಡಿಫಿಷಿಯೆನ್ಸಿ. ಬೋರ್ಡಿನ ಗಮನಕ್ಕೆ ತರುವಷ್ಟು ದೊಡ್ಡದಾದರೆ ಸಿಗ್ನಿಫಿಕೆಂಟ್ ಡಿಫಿಷಿಯೆನ್ಸಿ. ಲೆಕ್ಕದಲ್ಲಿ ದೊಡ್ಡ ತಪ್ಪೇ ನುಸುಳಿ ಯಾರಿಗೂ ತಿಳಿಯದೆ ಉಳಿಯುವ ಸಂಭವ ಸಾಕಷ್ಟಿದ್ದರೆ ಮಟೀರಿಯಲ್ ವೀಕ್‌ನೆಸ್. ಇದು ಸಂಭವದ ಮಾತು, ನಡೆದುಹೋದದ್ದರ ಮಾತಲ್ಲ. ನಿಮ್ಮ ಬಿಸಿನೆಸ್ ಮ್ಯಾನೇಜರ್ ಏನಾದರೂ ಮಾಡಿದ್ದಾರೆ ಎಂದು ಆಡಿಟರ್ ಹೇಳಿಲ್ಲ. ಯಾರಾದರೂ ಏನಾದರೂ ಮಾಡಿದರೆ ನಿಮಗೆ ಗೊತ್ತಾಗುವುದಿಲ್ಲ ಎಂದಷ್ಟೇ ಹೇಳಿದ್ದಾರೆ.

ನಿಮ್ಮ ಹಳೆಯ ಸದಸ್ಯರು ‘ಮುಂಚೆ ಇದೆಲ್ಲ ಬರುತ್ತಿರಲಿಲ್ಲ’ ಅಂದರೆ ಅದೂ ಸರಿಯೇ. 2006ರಲ್ಲಿ ಆಡಿಟರ್‌ಗಳಿಗೆ 112ನೇ ಸ್ಟ್ಯಾಂಡರ್ಡ್ ಬಂತು. ಇಂಥ ಕೊರತೆ ಕಂಡರೆ ಬಾಯಲ್ಲಿ ಹೇಳಿ ಮುಗಿಸುವಂತಿಲ್ಲ, ಬರೆದೇ ಕೊಡಬೇಕು, ಸರಿಪಡಿಸದಿದ್ದರೆ ಮುಂದಿನ ವರ್ಷ ಮತ್ತೆ ಬರೆಯಬೇಕು ಎಂದಾಯಿತು. ಸಣ್ಣ ಡಿಸ್ಟ್ರಿಕ್ಟುಗಳ ವರದಿಯಲ್ಲಿ ಈ ಸಾಲುಗಳು ತುಂಬಿಕೊಂಡದ್ದು ಆಮೇಲೆ.

ಇನ್ನು ‘ಪ್ರತಿ ವರ್ಷ ಆಡಿಟ್ ಆಗುತ್ತಲ್ಲ, ಏನಾದರೂ ಇದ್ದರೆ ಅವರೇ ಹಿಡಿಯುತ್ತಾರೆ’ ಎಂಬ ನಂಬಿಕೆ. ಇದು ನಿಮ್ಮ ಬೋರ್ಡಿನಲ್ಲೂ ಇದ್ದೇ ಇರುತ್ತದೆ. ಆಡಿಟರ್ ನೋಡುವುದು ಆಯ್ದ ಕೆಲವು ವೋಚರುಗಳನ್ನು, ಅದೂ ಒಟ್ಟು ಲೆಕ್ಕವನ್ನು ದಾರಿ ತಪ್ಪಿಸುವಷ್ಟು ದೊಡ್ಡ ಮೊತ್ತವನ್ನು ಮನಸ್ಸಿನಲ್ಲಿಟ್ಟುಕೊಂಡು. ಸರ್ಟಿಫೈಡ್ ಫ್ರಾಡ್ ಎಕ್ಸಾಮಿನರ್‌ಗಳ ಸಂಘ 2024ರಲ್ಲಿ ಪ್ರಕಟಿಸಿದ ವರದಿ ನೋಡಿ. ಜಗತ್ತಿನ ಬೇರೆ ಬೇರೆ ಕಡೆಯ ವಂಚನೆ ಪ್ರಕರಣಗಳಲ್ಲಿ 43 ಶೇಕಡ ಬಯಲಾದದ್ದು ಯಾರೋ ಕೊಟ್ಟ ಸುಳಿವಿನಿಂದ. ಹೊರಗಿನ ಆಡಿಟ್‌ನಿಂದ ಹೊರಬಿದ್ದದ್ದು 3 ಶೇಕಡ ಮಾತ್ರ.

ಇಲಿನಾಯ್ ರಾಜ್ಯದ ಡಿಕ್ಸನ್ ಊರಿನ ಕತೆ ಕೇಳಿರಬಹುದು. ಅದು ಶಾಲೆಯಲ್ಲ, ಸುಮಾರು 16,000 ಜನರಿರುವ ಪುಟ್ಟ ಪಟ್ಟಣದ ಆಡಳಿತ. ಆದರೆ ಪಾಠ ನಿಮ್ಮದೇ. ಕಂಪ್ಟ್ರೋಲರ್ (ಹಣಕಾಸು ನೋಡಿಕೊಳ್ಳುವ ಅಧಿಕಾರಿ) ಆಗಿದ್ದ ರೀಟಾ ಕ್ರಂಡ್‌ವೆಲ್ 1990ರಿಂದ 2012ರವರೆಗೆ 5 ಕೋಟಿ 37 ಲಕ್ಷ ಡಾಲರ್ ಎತ್ತಿದರು, ಆ ಹಣದಲ್ಲಿ ಕುದುರೆ ಸಾಕಿದರು. ಪಟ್ಟಣದ ಹೆಸರಿನಲ್ಲೇ ಒಂದು ಗುಪ್ತ ಖಾತೆ ತೆರೆದಿದ್ದರು. ರಾಜ್ಯ ಸರ್ಕಾರದ ಹೆಸರಿನ ಸುಳ್ಳು ಬಿಲ್ಲುಗಳಿಗೆ ಹಣ ಬರೆದು ಅಲ್ಲಿಗೆ ಸಾಗಿಸುತ್ತಿದ್ದರು. ಪ್ರತಿ ವರ್ಷ ಆಡಿಟ್ ಆಗುತ್ತಿತ್ತು. ಸಿಕ್ಕಿಬಿದ್ದದ್ದು ಹೇಗೆ? 2011ರಲ್ಲಿ ಆಕೆ ದೀರ್ಘ ರಜೆಯಲ್ಲಿದ್ದಾಗ ಅವರ ಕೆಲಸ ನೋಡಿಕೊಳ್ಳುತ್ತಿದ್ದ ಕ್ಲರ್ಕ್, ಪಟ್ಟಣದ ಎಲ್ಲ ಖಾತೆಗಳ ಸ್ಟೇಟ್‌ಮೆಂಟ್ ಕಳಿಸಿ ಎಂದು ಬ್ಯಾಂಕಿಗೆ ಹೇಳಿದರು. ಕೇಳರಿಯದ ಒಂದು ಖಾತೆಯ ಸ್ಟೇಟ್‌ಮೆಂಟೂ ಜೊತೆಗೆ ಬಂತು. ಅವರು ಮೇಯರ್‌ಗೆ ತೋರಿಸಿದರು, ಮೇಯರ್ ಎಫ್‌ಬಿಐಗೆ ಹೇಳಿದರು. ಇಪ್ಪತ್ತು ವರ್ಷದ ಗುಟ್ಟು ರಟ್ಟಾಗಲು ಬೇಕಾಗಿದ್ದುದು ಬ್ಯಾಂಕ್ ಸ್ಟೇಟ್‌ಮೆಂಟನ್ನು ಇನ್ನೊಬ್ಬರು ನೋಡುವುದು, ಅಷ್ಟೇ.

ಹಾಗಾಗಿ ನಿಮ್ಮಲ್ಲಿ ಒಂದೇ ಒಂದು ಬದಲಾವಣೆ ಆಗುವುದಾದರೆ ಇದಾಗಲಿ: ಪ್ರತಿ ತಿಂಗಳು ಎಲ್ಲ ಖಾತೆಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಬ್ಯಾಂಕಿನಿಂದ ನೇರವಾಗಿ, ಚೆಕ್ ಬರೆಯುವ ಅಧಿಕಾರ ಇಲ್ಲದವರೊಬ್ಬರಿಗೆ ಹೋಗಬೇಕು. ನಿಮ್ಮಲ್ಲಿ ಅದು ಸೂಪರಿಂಟೆಂಡೆಂಟ್ ಆಗಬಹುದು, ಪ್ರಿನ್ಸಿಪಾಲರ ಕಚೇರಿಯ ಸೆಕ್ರೆಟರಿ ಆಗಬಹುದು, ಬೋರ್ಡಿನ ಖಜಾಂಚಿಯೂ ಆಗಬಹುದು. ಆನ್‌ಲೈನ್ ಬ್ಯಾಂಕಿಂಗ್ ಇದ್ದರೆ ಅವರಿಗೆ ನೋಡಲು ಮಾತ್ರ ಅವಕಾಶ ಇರುವ ಲಾಗಿನ್ ಕೊಡಿಸಿ. ಬಿಸಿನೆಸ್ ಮ್ಯಾನೇಜರ್ ಪ್ರಿಂಟ್ ತೆಗೆದು ಕೊಟ್ಟ ಪಿಡಿಎಫ್ ಲೆಕ್ಕಕ್ಕಿಲ್ಲ. ಅದನ್ನು ತಿದ್ದುವುದು ಎಷ್ಟು ಸುಲಭ ಎಂದು ನಿಮಗೆ ನಾನು ಹೇಳಬೇಕಿಲ್ಲ. ಅವರು ನೋಡಬೇಕಾದದ್ದು ಕೊನೆಯ ಬಾಕಿಯನ್ನಲ್ಲ, ಪಾಸಾದ ಚೆಕ್ಕುಗಳ ಚಿತ್ರಗಳನ್ನು: ಯಾರ ಹೆಸರಿಗೆ, ಹಿಂದೆ ಯಾರ ಸಹಿ, ಬೋರ್ಡ್ ಮಂಜೂರು ಮಾಡಿದ ಬಿಲ್ಲುಗಳ ಪಟ್ಟಿಯಲ್ಲಿ ಆ ಮೊತ್ತ ಇದೆಯೆ. ನಿಮ್ಮ ಗಾತ್ರದ ಡಿಸ್ಟ್ರಿಕ್ಟಿಗೆ ಇದು ತಿಂಗಳಿಗೆ ಒಂದೆರಡು ಗಂಟೆಯ ಕೆಲಸ. ನೋಡಿದ ಮೇಲೆ ಸಹಿ ಹಾಕಿ ತಾರೀಕು ಬರೆಯಬೇಕು. ಆಡಿಟರ್‌ಗೆ ಸಾಕ್ಷಿ ಬೇಕು. ‘ನಾನು ನೋಡ್ತಾನೇ ಇರ್ತೀನಿ’ ಅನ್ನುವುದು ಸಾಕ್ಷಿಯಲ್ಲ.

ಇದರ ತಳದಲ್ಲಿರುವ ತತ್ವ ನಿಮ್ಮ ವೃತ್ತಿಯಲ್ಲಿ ದಿನವೂ ನಡೆಯುವಂಥದ್ದು. ತಾನು ಬರೆದ ಕೋಡನ್ನು ತಾನೇ ಪರಿಶೀಲಿಸಿ ತಾನೇ ಪ್ರೊಡಕ್ಷನ್‌ಗೆ ಬಿಡಲು ನಿಮ್ಮ ಕಂಪನಿ ಯಾರಿಗೂ ಬಿಡುವುದಿಲ್ಲ, ಎಷ್ಟೇ ನಂಬಿಕಸ್ಥರಾದರೂ. ಇಲ್ಲಿಯೂ ನಾಲ್ಕು ಕೆಲಸಗಳಿವೆ: ಖರ್ಚಿಗೆ ಒಪ್ಪಿಗೆ ಕೊಡುವುದು, ಹಣ ಅಥವಾ ಚೆಕ್ಕನ್ನು ಕೈಯಲ್ಲಿಟ್ಟುಕೊಳ್ಳುವುದು, ಪುಸ್ತಕದಲ್ಲಿ ಬರೆಯುವುದು, ಪುಸ್ತಕವನ್ನು ಬ್ಯಾಂಕಿನೊಂದಿಗೆ ತಾಳೆ ನೋಡುವುದು. ನಾಲ್ಕಕ್ಕೂ ಬೇರೆ ಬೇರೆ ಜನ ಎಂಬುದು ಪುಸ್ತಕದ ಆದರ್ಶ, ನಿಮ್ಮಲ್ಲಿ ಅದಾಗದು. ಆದರೆ ಹಣ ಹೊರಗೆ ಕಳಿಸುವವರು ಬೇರೆ, ತಾಳೆ ನೋಡುವವರು ಬೇರೆ ಎಂದು ಮಾಡಿದರೂ ಅರ್ಧ ಗೆದ್ದಂತೆ.

ಮುಂದಿನ ಜಾಗ ಪೇರೋಲ್. ಶಾಲೆಯ ಖರ್ಚಿನಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಸಂಬಳ ಮತ್ತು ಸವಲತ್ತು, ಆದರೂ ಬೋರ್ಡ್ ಮೀಟಿಂಗಿನಲ್ಲಿ ಅರ್ಧ ಗಂಟೆ ಚರ್ಚೆಯಾಗುವುದು ಹುಲ್ಲು ಕತ್ತರಿಸುವ ಯಂತ್ರದ ಬಿಲ್ಲು! ನಿಮ್ಮದು ಪುಟ್ಟ ಡಿಸ್ಟ್ರಿಕ್ಟ್. ಸಂಬಳದ ಪಟ್ಟಿಯಲ್ಲಿರುವ ಪ್ರತಿಯೊಬ್ಬರನ್ನೂ ಸೂಪರಿಂಟೆಂಡೆಂಟ್ ಮುಖ ನೋಡಿ ಬಲ್ಲರು. ದೊಡ್ಡ ಡಿಸ್ಟ್ರಿಕ್ಟುಗಳಿಗೆ ಇಲ್ಲದ ಸೌಲಭ್ಯ ಇದು, ಬಳಸಿಕೊಳ್ಳಿ. ಪ್ರತಿ ಸಂಬಳಕ್ಕೂ ಮುಂಚೆ ಪಟ್ಟಿಯನ್ನು ಅವರು ನೋಡಿ ಸಹಿ ಹಾಕಲಿ, ಅದರಲ್ಲೂ ಹಿಂದಿನ ಸಲಕ್ಕಿಂತ ಏನು ಬದಲಾಗಿದೆ ಎಂಬ ರಿಪೋರ್ಟನ್ನು. ಬಿಸಿನೆಸ್ ಮ್ಯಾನೇಜರ್ ಅವರದೇ ಸಂಬಳ, ಓವರ್‌ಟೈಮ್, ರಜೆ ನಗದೀಕರಣ ಕಾಂಟ್ರಾಕ್ಟಿಗೆ ಸರಿಯಾಗಿದೆಯೆ ಎಂದು ವರ್ಷಕ್ಕೆ ಎರಡು ಸಲವಾದರೂ ಯಾರಾದರೂ ನೋಡಲಿ.

ವೆಂಡರ್‌ಗಳ ಬ್ಯಾಂಕ್ ವಿವರ ಬದಲಾಯಿಸುವುದರ ಬಗ್ಗೆ ನಿಮ್ಮ ಆಡಿಟರ್ ಏನೂ ಬರೆದಿಲ್ಲ, ಆದರೆ ಇವತ್ತಿನ ದಿನ ನನಗೆ ಎಲ್ಲಕ್ಕಿಂತ ಭಯ ಇರುವುದು ಅಲ್ಲೇ. 2021ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಪೀಟರ್‌ಬರೋ ಪಟ್ಟಣ ಸುಳ್ಳು ಇಮೇಲ್‌ಗಳನ್ನು ನಂಬಿ 23 ಲಕ್ಷ ಡಾಲರ್ ಕಳಕೊಂಡಿತು. ಅದು ಬೆಳಕಿಗೆ ಬಂದದ್ದು ಅಲ್ಲಿನ ಶಾಲಾ ಡಿಸ್ಟ್ರಿಕ್ಟ್ ‘ನಮಗೆ ಬರಬೇಕಾದ 12 ಲಕ್ಷ ಡಾಲರಿನ ಕಂತು ಬಂದಿಲ್ಲ’ ಎಂದು ಕೇಳಿದಾಗ. ಅದಕ್ಕೂ ಮುಂಚೆ ಟೆಕ್ಸಸ್‌ನ ಮೇನರ್ ಶಾಲಾ ಡಿಸ್ಟ್ರಿಕ್ಟ್ ಇಂಥದ್ದೇ ಮೋಸಕ್ಕೆ ಸಿಕ್ಕಿ ಸುಮಾರು ಅಷ್ಟೇ ಹಣ ಕಳಕೊಂಡಿತ್ತು. ಒಬ್ಬರೇ ಇರುವ ಕಚೇರಿಯಲ್ಲಿ, ಲೆಕ್ಕದ ವರ್ಷ ಮುಗಿಯುವ ಜೂನ್ ಕೊನೆಯ ಗಡಿಬಿಡಿಯಲ್ಲಿ, ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂಬ ಇಮೇಲ್ ಬಂದರೆ ಯಾರೇ ಆಗಲಿ ಮೋಸ ಹೋಗಬಹುದು. ನಿಯಮ ಸರಳ: ಇಮೇಲಿನಲ್ಲಿರುವ ನಂಬರಿಗೆ ಅಲ್ಲ, ಹಳೆಯ ಕಡತದಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳಬೇಕು, ಎರಡನೆಯವರೊಬ್ಬರು ಸಹಿ ಹಾಕುವವರೆಗೆ ಬದಲಾವಣೆ ಜಾರಿಯಾಗಕೂಡದು. ಎಲೆಕ್ಟ್ರಾನಿಕ್ ಪಾವತಿಯನ್ನು ಒಬ್ಬರು ತಯಾರಿಸಿ ಇನ್ನೊಬ್ಬರು ಬಿಡುಗಡೆ ಮಾಡುವಂತೆ ಬ್ಯಾಂಕಿನಲ್ಲೇ ವ್ಯವಸ್ಥೆ ಮಾಡಿಸಬಹುದು. ಜೊತೆಗೆ ಪಾಸಿಟಿವ್ ಪೇ ಇದ್ದರೆ, ನೀವು ಕಳಿಸಿದ ಪಟ್ಟಿಯಲ್ಲಿಲ್ಲದ ಚೆಕ್ಕನ್ನು ಬ್ಯಾಂಕ್ ನಿಮ್ಮನ್ನು ಕೇಳದೆ ಪಾಸು ಮಾಡುವುದಿಲ್ಲ.

ಎರಡು ಸಹಿಯ ಚೆಕ್ಕನ್ನು ಮಾತ್ರ ಬಹಳ ನೆಚ್ಚಿಕೊಳ್ಳಬೇಡಿ. ಬ್ಯಾಂಕುಗಳು ಸಾಮಾನ್ಯವಾಗಿ ಸಹಿ ಎಣಿಸುತ್ತ ಕೂರುವುದಿಲ್ಲ. ಎಷ್ಟೋ ಕಡೆ ಬೋರ್ಡ್ ಅಧ್ಯಕ್ಷರ ಸಹಿ ಸಾಫ್ಟ್‌ವೇರಿನಿಂದಲೇ ಅಚ್ಚಾಗಿ ಬರುತ್ತದೆ. ನಿಮ್ಮಲ್ಲಿ ಹಾಗಿದೆಯೆ ಎಂದು ಒಮ್ಮೆ ಕೇಳಿ ನೋಡಿ. ಹಾಗೆಯೇ ಅಕೌಂಟಿಂಗ್ ಸಾಫ್ಟ್‌ವೇರಿನಲ್ಲಿ ಯಾರಿಗೆ ಯಾವ ಅನುಮತಿ ಇದೆ ಎಂಬ ಪಟ್ಟಿಯನ್ನೂ ಕೇಳಿ. ಅದನ್ನು ಓದಲು ಬೋರ್ಡಿನಲ್ಲಿ ನಿಮಗಿಂತ ಯೋಗ್ಯರು ಇರಲಿಕ್ಕಿಲ್ಲ.

ಇಷ್ಟೆಲ್ಲ ಹೇಳಿದಾಗ ಕಣ್ಣು ಬಿಸಿನೆಸ್ ಮ್ಯಾನೇಜರ್ ಒಬ್ಬರ ಮೇಲೇ ನೆಡಬಾರದು. ನ್ಯೂಯಾರ್ಕಿನ ಲಾಂಗ್ ಐಲ್ಯಾಂಡಿನಲ್ಲಿರುವ ರೋಸ್ಲಿನ್ ಡಿಸ್ಟ್ರಿಕ್ಟ್ ಹೆಸರುವಾಸಿಯಾಗಿದ್ದದ್ದು ಮಕ್ಕಳ ಫಲಿತಾಂಶಕ್ಕೆ. ಅಲ್ಲಿ ಸೂಪರಿಂಟೆಂಡೆಂಟ್ ಫ್ರಾಂಕ್ ಟ್ಯಾಸೋನೆ, ಹಣಕಾಸಿನ ಅಸಿಸ್ಟೆಂಟ್ ಸೂಪರಿಂಟೆಂಡೆಂಟ್ ಪಮೆಲಾ ಗ್ಲಕಿನ್ ಇಬ್ಬರೂ ಕೈ ಹಾಕಿದ್ದರು. 2002ರಲ್ಲಿ ಗ್ಲಕಿನ್ ಅವರ ಸುಮಾರು 2.5 ಲಕ್ಷ ಡಾಲರಿನ ಕಳ್ಳತನ ಬೋರ್ಡಿಗೆ ಗೊತ್ತಾಯಿತು. ಡಿಸ್ಟ್ರಿಕ್ಟಿನ ಹೆಸರು ಕೆಡುತ್ತದೆ ಎಂದು ಪೊಲೀಸರಿಗೆ ಹೇಳದೆ, ಹಣ ವಾಪಸ್ ಕಟ್ಟಿಸಿಕೊಂಡು ರಾಜೀನಾಮೆ ತೆಗೆದುಕೊಂಡರು. ಮುಚ್ಚಿಡೋಣ ಎಂದು ಬುದ್ಧಿ ಹೇಳಿದವರಲ್ಲಿ ಸೂಪರಿಂಟೆಂಡೆಂಟ್ ಕೂಡ ಒಬ್ಬರು. ಅವರಿಗೆ ಮುಚ್ಚಿಡಲು ತಮ್ಮದೇ ಕಾರಣವಿತ್ತು. 2005ರಲ್ಲಿ ರಾಜ್ಯ ಕಂಪ್ಟ್ರೋಲರ್ ಲೆಕ್ಕ ಹಾಕಿದಾಗ ಮೊತ್ತ 1 ಕೋಟಿ 12 ಲಕ್ಷ ಡಾಲರ್ ಆಗಿತ್ತು. ಅದೇ ವರ್ಷ ನ್ಯೂಯಾರ್ಕ್ ಕಾನೂನು ತಂದಿತು: ಹೊಸ ಬೋರ್ಡ್ ಸದಸ್ಯರಿಗೆ ಆರು ಗಂಟೆಯ ಹಣಕಾಸು ತರಬೇತಿ, ಆಡಿಟ್ ಸಮಿತಿ, ಹೊರಗಿನ ಆಡಿಟರ್ ಆಯ್ಕೆಗೆ ಕನಿಷ್ಠ ಐದು ವರ್ಷಕ್ಕೊಮ್ಮೆ ಸ್ಪರ್ಧೆ ಹೀಗೆ. ನಿಮ್ಮ ರಾಜ್ಯದಲ್ಲಿ ಕಾನೂನು ಕೇಳಲಿ ಬಿಡಲಿ, ಸೂಪರಿಂಟೆಂಡೆಂಟರ ಕ್ರೆಡಿಟ್ ಕಾರ್ಡ್ ಮತ್ತು ಪ್ರಯಾಣದ ಬಿಲ್ಲನ್ನು ಅವರ ಕೈಕೆಳಗಿನವರು ಮಂಜೂರು ಮಾಡಬಾರದು. ಬೋರ್ಡ್ ಅಧ್ಯಕ್ಷರು ಮೂಲ ರಸೀದಿಗಳನ್ನು ನೋಡಿ ಸಹಿ ಹಾಕಬೇಕು. ನಿಮಗೆ ‘ಇದ್ದದ್ದೇ’ ಎಂದು ಹೇಳಿದವರು ಅವರೇ ಆದ್ದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಅನುಮಾನಕ್ಕಲ್ಲ, ಅವರ ಮೇಲೂ ಒಂದು ಕಣ್ಣು ಇರಬೇಕಾದದ್ದು ನಿಯಮ ಎಂಬ ಕಾರಣಕ್ಕೆ.

ಎರಡನೆಯ ಫೈಂಡಿಂಗ್, ಅಂದರೆ ಲೆಕ್ಕದ ಹಾಳೆಗಳನ್ನು ಆಡಿಟರೇ ತಯಾರಿಸುವುದು, ನನ್ನ ನಿದ್ದೆ ಕೆಡಿಸುವುದಿಲ್ಲ. ಸರ್ಕಾರಿ ಲೆಕ್ಕಪತ್ರದ ನಿಯಮಗಳ ಪ್ರಕಾರ ಟಿಪ್ಪಣಿಗಳ ಸಮೇತ ವಾರ್ಷಿಕ ವರದಿ ಬರೆಯುವ ಪರಿಣತಿ 400 ಮಕ್ಕಳ ಡಿಸ್ಟ್ರಿಕ್ಟಿನಲ್ಲಿ ಇರಬೇಕೆಂದು ನಿರೀಕ್ಷಿಸುವುದೇ ಅತಿ. ಬರೆದುಕೊಡುವುದನ್ನು ಆಡಿಟರ್ ಮಾಡಬಹುದು. ಆದರೆ ಅದನ್ನು ಓದಿ ಅರ್ಥಮಾಡಿಕೊಂಡು ಹೊಣೆ ಹೊರುವವರು ನಿಮ್ಮ ಕಡೆ ಒಬ್ಬರು ಇರಲೇಬೇಕು, ಇಲ್ಲದಿದ್ದರೆ ಆಡಿಟರ್ ತನ್ನ ಕೆಲಸವನ್ನು ತಾನೇ ಪರೀಕ್ಷಿಸಿದಂತಾಗುತ್ತದೆ. ವರ್ಷದ ಕೊನೆಗೆ ಆಡಿಟರ್ ಎಷ್ಟು ತಿದ್ದುಪಡಿ ಎಂಟ್ರಿ ಹಾಕಿದರು ಎಂದು ಕೇಳಿ. ಆ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಆಗ ಯೋಚಿಸಬೇಕು.

ಟಿಕೆಟ್ ಹಣದ್ದು ಮೊತ್ತ ಸಣ್ಣದು, ಆದರೆ ಊರಿನ ಬಾಯಿಗೆ ಬೇಗ ಬೀಳುವಂಥದ್ದು. ಶುಕ್ರವಾರ ರಾತ್ರಿಯ ಫುಟ್‌ಬಾಲ್ ಪಂದ್ಯದ ಗೇಟಿನಲ್ಲಿ ನಂಬರ್ ಅಚ್ಚಾದ ಟಿಕೆಟ್ ಸುರುಳಿ ಇರಲಿ. ಮೊದಲ ನಂಬರ್, ಕೊನೆಯ ನಂಬರ್ ಬರೆದಿಡಲಿ. ವ್ಯತ್ಯಾಸವನ್ನು ಟಿಕೆಟ್ ದರದಿಂದ ಗುಣಿಸಿದರೆ ಎಷ್ಟು ಬರಬೇಕೆಂದು ಗೊತ್ತಾಯಿತು. ಇಬ್ಬರು ಕೂತು ಎಣಿಸಿ, ಇಬ್ಬರೂ ಸಹಿ ಹಾಕಿ, ಅವತ್ತೇ ರಾತ್ರಿ ಬ್ಯಾಂಕಿನ ಡ್ರಾಪ್ ಬಾಕ್ಸಿಗೆ ಹಾಕಲಿ, ಕೋಚ್ ಅವರ ಮೇಜಿನ ಡ್ರಾಯರಿಗಲ್ಲ. ಗೇಟಿನಲ್ಲಿ ಕೂರುವ ಪಾಲಕರಿಗೆ ಇದರಿಂದ ಬೇಸರವಾಗುವುದಿಲ್ಲ. ಐದು ಡಾಲರ್ ಕಡಿಮೆ ಬಂದಾಗ ಯಾರೂ ಅವರ ಮುಖ ನೋಡುವುದಿಲ್ಲವಲ್ಲ, ಅವರಿಗೇ ನಿರಾಳ.

ನಾಲ್ಕನೆಯದು ಕಾಗದದ ಮೇಲೆ ಸಣ್ಣದು, ಪರಿಣಾಮದಲ್ಲಿ ಅಲ್ಲ. ಫೆಡರಲ್ ಹಣದಲ್ಲಿ 25,000 ಡಾಲರ್ ಅಥವಾ ಅದಕ್ಕೆ ಮೇಲ್ಪಟ್ಟ ವ್ಯವಹಾರ ಮಾಡುವ ಮುಂಚೆ, ಆ ವೆಂಡರನ್ನು ಸರ್ಕಾರ ಹೊರಗಿಟ್ಟಿಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ಸ್ಯಾಮ್ (SAM.gov) ಎಂಬ ಫೆಡರಲ್ ಜಾಲತಾಣದಲ್ಲಿ ಹೆಸರು ಹಾಕಿ, ತಾರೀಕಿನ ಸಮೇತ ಪುಟವನ್ನು ಪ್ರಿಂಟ್ ತೆಗೆದು ಕಡತಕ್ಕೆ ಸೇರಿಸಿದರೆ ಮುಗಿಯಿತು, ಹತ್ತು ನಿಮಿಷದ ಕೆಲಸ. ಅಷ್ಟನ್ನೂ ಮಾಡದೆ ಮುಂದಿನ ವರ್ಷ ಮತ್ತೆ ಅದೇ ಬಂದರೆ, ಹಣ ಕೊಡುವ ರಾಜ್ಯ ಇಲಾಖೆ ನಿಮ್ಮನ್ನು ಹೆಚ್ಚು ಅಪಾಯದ ಪಟ್ಟಿಗೆ ಸೇರಿಸಿ ಜಾಸ್ತಿ ತಪಾಸಣೆ ಮಾಡಬಹುದು.

ಇಲ್ಲಿ ಬೋರ್ಡಿನ ಕಿವಿಗೆ ಹಾಕಬೇಕಾದ ಒಂದು ಲೆಕ್ಕ ಇದೆ, ‘ಇದ್ದದ್ದೇ’ ಅನ್ನುವವರು ಇದನ್ನು ಗಮನಿಸಿರುವುದಿಲ್ಲ. ವರ್ಷಕ್ಕೆ ಒಂದು ಮಿತಿ ತಲುಪುವಷ್ಟು ಫೆಡರಲ್ ಹಣ ಖರ್ಚು ಮಾಡುವವರಿಗೆ ಕಡ್ಡಾಯವಾದ ಸಿಂಗಲ್ ಆಡಿಟ್‌ನಲ್ಲಿ ಕಡಿಮೆ ಅಪಾಯದ ಸಂಸ್ಥೆ ಎನಿಸಿಕೊಂಡವರ ಫೆಡರಲ್ ಖರ್ಚಿನಲ್ಲಿ ಕನಿಷ್ಠ 20 ಶೇಕಡವನ್ನು ಪರೀಕ್ಷಿಸಿದರೆ ಸಾಕು. ಉಳಿದವರದು 40 ಶೇಕಡ. ಹಿಂದಿನ ಎರಡು ವರ್ಷಗಳಲ್ಲಿ ಯಾವುದರಲ್ಲಾದರೂ ಮಟೀರಿಯಲ್ ವೀಕ್‌ನೆಸ್ ಇದ್ದರೆ ಕಡಿಮೆ ಅಪಾಯದ ಪಟ್ಟ ಸಿಗುವುದಿಲ್ಲ. ಅಂದರೆ ಪ್ರತಿ ವರ್ಷ ಒಪ್ಪಿಕೊಂಡು ಬಂದ ಆ ಮೊದಲ ಫೈಂಡಿಂಗ್ ಪುಕ್ಕಟೆಯದಲ್ಲ, ಆಡಿಟ್ ಫೀಸಿನಲ್ಲಿ ನೀವು ಅದಕ್ಕೆ ಹಣ ತೆರುತ್ತಿರಬಹುದು. ಸಿಂಗಲ್ ಆಡಿಟ್ ಬೇಕಾಗುವ ಮಿತಿ 7.5 ಲಕ್ಷ ಡಾಲರಿನಿಂದ 10 ಲಕ್ಷಕ್ಕೆ ಏರಿದೆ, ಅಕ್ಟೋಬರ್ 1, 2024ರಂದು ಅಥವಾ ಆಮೇಲೆ ಶುರುವಾಗುವ ಲೆಕ್ಕದ ವರ್ಷಗಳಿಗೆ. ಕೋವಿಡ್ ಕಾಲದ ಹಣವೂ ಮುಗಿದಿರುವುದರಿಂದ ನಿಮ್ಮಂಥ ಡಿಸ್ಟ್ರಿಕ್ಟ್ ಮುಂದೆ ಆ ಮಿತಿಯೊಳಗೇ ಉಳಿಯಬಹುದು. ಹಾಗಾದರೂ ಊಟದ ಯೋಜನೆಗೆ ರಾಜ್ಯದ ತಪಾಸಣೆ ತಪ್ಪುವುದಿಲ್ಲ.

ಇನ್ನು ಮಾತಾಡುವ ರೀತಿ. ಸದಸ್ಯರೊಬ್ಬರಿಗೆ ಒಂಟಿಯಾಗಿ ಯಾವ ಅಧಿಕಾರವೂ ಇಲ್ಲ, ಬೋರ್ಡ್ ಕೂತಾಗಲೇ ಅಧಿಕಾರ. ಆದ್ದರಿಂದ ನೀವೇ ಕಚೇರಿಗೆ ಹೋಗಿ ವೋಚರ್ ಕೇಳುವುದು ಬೇಡ. ಅದರಿಂದ ಮನಸ್ತಾಪವೇ ಹುಟ್ಟುತ್ತದೆ. ಬಿಸಿನೆಸ್ ಮ್ಯಾನೇಜರ್ ಅವರನ್ನು ಮೀಟಿಂಗಿಗೆ ಮುಂಚೆ ಕಂಡು, ಸೂಪರಿಂಟೆಂಡೆಂಟ್ ಜೊತೆಗಿರುವಾಗಲೇ, ಅವರ ಅಭಿಪ್ರಾಯ ಕೇಳಿ: ‘ನಿಮ್ಮ ಕೆಲಸದಲ್ಲಿ ಯಾವುದನ್ನು ಇನ್ನೊಬ್ಬರು ನೋಡಿದರೆ ನಿಮಗೆ ಒಳ್ಳೆಯದು?’ ಇಪ್ಪತ್ತು ವರ್ಷ ಒಂಟಿಯಾಗಿ ಹೊತ್ತವರ ಬಳಿ ಪಟ್ಟಿಯೇ ಇರುತ್ತದೆ. ಒಂದು ಡಾಲರ್ ಕಾಣೆಯಾದರೂ ಮೊದಲು ಬೆರಳು ತೋರುವುದು ಅವರ ಕಡೆಗೇ ಎಂಬುದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ವರ್ಷಕ್ಕೊಮ್ಮೆ ಒಂದು ವಾರವಾದರೂ ಪೂರ್ತಿ ರಜೆ ಹಾಕಲಿ, ಆ ವಾರ ಬಿಲ್ಲು ಪಾವತಿಯನ್ನು ಬೇರೆಯವರು ಮಾಡಲಿ. ಆಕೆಗೆ ಕಾಯಿಲೆ ಬಂದರೆ ಸಂಬಳ ಯಾರು ಹಾಕುತ್ತಾರೆ ಎಂಬ ಪ್ರಶ್ನೆಗೂ ಆಗ ಉತ್ತರ ಸಿಗುತ್ತದೆ. ರಜೆ ಬೇಡವೇ ಬೇಡ, ಯಾರೂ ಮುಟ್ಟಕೂಡದು ಎಂದು ಯಾರಾದರೂ ಹಟ ಹಿಡಿದರೆ ಅದನ್ನು ಮಾತ್ರ ಲಘುವಾಗಿ ಬಿಡಬೇಡಿ.

ಆಡಿಟರ್ ಬೋರ್ಡಿಗೆ ವರದಿ ಒಪ್ಪಿಸಲು ಬಂದಾಗ ನೇರವಾಗಿ ಕೇಳಿ: ‘ನಾವು ಯಾವ ಎರಡು ಕೆಲಸ ಮಾಡಿದರೆ ಇದು ಮಟೀರಿಯಲ್ ವೀಕ್‌ನೆಸ್‌ನಿಂದ ಸಿಗ್ನಿಫಿಕೆಂಟ್ ಡಿಫಿಷಿಯೆನ್ಸಿಗೆ ಇಳಿಯುತ್ತದೆ?’ ಅವರು ಖುಷಿಯಿಂದ ಹೇಳುತ್ತಾರೆ, ಬಹಳ ಸಲ ಅವರನ್ನು ಯಾರೂ ಕೇಳಿರುವುದಿಲ್ಲ. ಪೂರ್ತಿ ಅಳಿಸಿ ಹೋಗುತ್ತದೆ ಎಂಬ ಭರವಸೆ ಕೊಡಲಾರೆ; ಇಷ್ಟು ಕಡಿಮೆ ಜನರಿರುವ ಕಡೆ ಅದು ಯಾವುದೋ ರೂಪದಲ್ಲಿ ಉಳಿಯಬಹುದು. ವರದಿಯ ಜೊತೆ ಹೋಗುವ ಡಿಸ್ಟ್ರಿಕ್ಟಿನ ಉತ್ತರವನ್ನು ಮಾತ್ರ ಈ ಸಲ ಬದಲಾಯಿಸಿ. ‘ಸಿಬ್ಬಂದಿ ಕೊರತೆಯಿಂದ ಸಾಧ್ಯವಿಲ್ಲ, ಗಮನ ಹರಿಸುತ್ತೇವೆ’ ಎಂಬ ಹಳೆಯ ಸಾಲನ್ನು ತೆಗೆಸಿ, ಯಾರು, ಏನು, ಯಾವಾಗಿನಿಂದ ಎಂದು ಬರೆಸಿ: ‘ಜುಲೈ 1ರಿಂದ ಸೂಪರಿಂಟೆಂಡೆಂಟ್ ಅವರು ಎಲ್ಲ ಖಾತೆಗಳ ಸ್ಟೇಟ್‌ಮೆಂಟ್ ಬ್ಯಾಂಕಿನಿಂದಲೇ ಪಡೆದು, ಚೆಕ್ ಚಿತ್ರಗಳನ್ನು ಪರಿಶೀಲಿಸಿ, ಪ್ರತಿ ತಿಂಗಳ 20ರೊಳಗೆ ಸಹಿ ಮಾಡುತ್ತಾರೆ. ವೆಂಡರ್ ಬ್ಯಾಂಕ್ ವಿವರದ ಬದಲಾವಣೆಗೆ ಹೈಸ್ಕೂಲ್ ಪ್ರಿನ್ಸಿಪಾಲರ ಒಪ್ಪಿಗೆ ಬೇಕು.’

ಜುಲೈ ಎಂದದ್ದಕ್ಕೆ ಕಾರಣ ಇದೆ. ನಿಮ್ಮ ಲೆಕ್ಕದ ವರ್ಷ ಜೂನ್ 30ಕ್ಕೆ ಮುಗಿಯುವುದಾದರೆ, ನಡುವೆ ಶುರುಮಾಡಿದ ಕ್ರಮಕ್ಕೆ ಆ ವರ್ಷದ ವರದಿಯಲ್ಲಿ ಪೂರ್ತಿ ಫಲ ಕಾಣುವುದು ಕಷ್ಟ. ಹನ್ನೆರಡು ತಿಂಗಳ ಹನ್ನೆರಡು ಸಹಿ ಹಾಕಿದ ಹಾಳೆಗಳು ಕಡತದಲ್ಲಿದ್ದರೆ ಆಡಿಟರ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇರಲಾರರು. ಹಾಗೆಂದು ಬ್ಯಾಂಕಿನ ಲಾಗಿನ್ ಮಾಡಿಸಲು ಜುಲೈವರೆಗೆ ಕಾಯಬೇಡಿ. ಅದಕ್ಕೆ ಮುಂದಿನ ಮೀಟಿಂಗಿನ ಒಂದು ನಿರ್ಣಯ ಸಾಕು. ಆ ನಿರ್ಣಯದಲ್ಲೇ, ಡಿಸ್ಟ್ರಿಕ್ಟಿನ ತೆರಿಗೆ ಸಂಖ್ಯೆಯ ಮೇಲೆ ಎಷ್ಟು ಖಾತೆಗಳಿವೆ ಎಂದು ಊರಿನ ಎಲ್ಲ ಬ್ಯಾಂಕುಗಳಿಗೂ ಪತ್ರ ಬರೆಯಲು ಹೇಳಿ.